ನನ್ನನ್ನು ಹಂಸ ಮಾಡಬೇಡಿ: ಹೋಮ್‌ಸ್ಟೇ ಟವೆಲ್ ಜತೆ ಮಾತುಕತೆ

ಮೂಡಿಗೆರೆ ತಾಲ್ಲೂಕು, ಕೊಟ್ಟಿಗೆಹಾರದ ಆಸುಪಾಸು. ಪುಷ್ಯ ಮಳೆ ಹಿಡಿದ ಹಟ ಬಿಟ್ಟಿಲ್ಲ. ನಾಲ್ಕು ಕೋಣೆಗಳ ಹೋಮ್‌ಸ್ಟೇಯೊಂದರ ಬಚ್ಚಲುಮನೆಯಲ್ಲಿ, ಹಂಡೆ ಒಲೆಯ ಮೇಲುಗಡೆ ಕಟ್ಟಿದ ಹಗ್ಗಕ್ಕೆ ಜೋತುಬಿದ್ದಿದ್ದ ಬಿಳಿ ಟವೆಲ್ ನಮ್ಮ ಜತೆ ಮಾತಾಡಲು ಒಪ್ಪಿತು. ಒಣಗುವ ತನಕ ಅದಕ್ಕೂ ಬೇರೆ ಕೆಲಸವಿರಲಿಲ್ಲ.

ಹೇಗಿದ್ದೀರಿ?

ಒದ್ದೆಯಾಗಿದ್ದೀನಿ. ಮೊನ್ನೆಯೂ ಒದ್ದೆ, ನಿನ್ನೆಯೂ ಒದ್ದೆ. ನಾಳೆ ಮೂರನೇ ಕೋಣೆಗೆ ಡ್ಯೂಟಿ ಹಾಕಿದ್ದಾರೆ. ಅಷ್ಟರೊಳಗೆ ಒಣಗಬೇಕಂತೆ. ಅದನ್ನ ಮಳೆಗೆ ಹೇಳೋರು ಯಾರು?

ತಮ್ಮ ಹುಟ್ಟೂರು?

ಸೊಲ್ಲಾಪುರ. ನಮ್ಮೂರ ಟವೆಲ್ಲಿಗೆ ಜಿಐ ಮಾನ್ಯತೆ ಇದೆ, ಸಣ್ಣ ಮನೆತನ ಅಂದ್ಕೋಬೇಡಿ. ಇನ್ನೂ ಹಿಂದಕ್ಕೆ ಹೋದರೆ ಟರ್ಕಿ. ಹೆನ್ರಿ ಕ್ರಿಸ್ಟಿ ಅನ್ನೋ ಇಂಗ್ಲಿಷಿನವನು ಅಲ್ಲಿಗೆ ಹೋದಾಗ ನಮ್ಮ ಕುಣಿಕೆ ನೇಯ್ಗೆ ನೋಡಿ ಮರುಳಾದ. 1851ರಲ್ಲಿ ಲಂಡನ್ನಿನ ಮಹಾಪ್ರದರ್ಶನದಲ್ಲಿ ನಮ್ಮನ್ನ ಇಟ್ಟಿದ್ದರು. ಅಲ್ಲಿಂದ ಇಲ್ಲಿ ಹಂಡೆ ಒಲೆ ಮೇಲಕ್ಕೆ ಬಂದಿದ್ದೀನಿ. ಇದನ್ನ ಬಡ್ತಿ ಅಂತೀರೋ ಹಿಂಬಡ್ತಿ ಅಂತೀರೋ ನಿಮಗೆ ಬಿಟ್ಟಿದ್ದು.

ನಿಮ್ಮನ್ನು ಇಲ್ಲಿಗೆ ಆರಿಸಿದ್ದು ಯಾರು?

ಯಜಮಾನ್ರ ಮೊಬೈಲು. ಯಾವುದೋ ದೊಡ್ಡ ರೆಸಾರ್ಟಿನ ಫೋಟೋದಲ್ಲಿ ದಪ್ಪ ಟವೆಲ್ ನೋಡಿದರು. ಅಂಗಡಿಗೆ ಹೋಗಿ 'ಅತಿ ದಪ್ಪದ್ದು ಕೊಡಿ' ಅಂದರು. ಅಂಗಡಿಯವನು 600 ಜಿಎಸ್‌ಎಂ ತೆಗೆದಿಟ್ಟ. ಜಿಎಸ್‌ಎಂ ಅಂದರೆ ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ಅಂತ. ನಾನು 70 ಸೆಂಟಿಮೀಟರ್ ಅಗಲ, 140 ಉದ್ದ. ಒಣಗಿದಾಗಲೇ ಹೆಚ್ಚುಕಡಿಮೆ 590 ಗ್ರಾಂ ತೂಗ್ತೀನಿ. ಅದೇ ಅಳತೆಯ 400 ಜಿಎಸ್‌ಎಂದು ತಂದಿದ್ದರೆ 390ಕ್ಕೆ ಮುಗೀತಿತ್ತು. ಮೇಲಿನ 200 ಗ್ರಾಂ ಬರೀ ಮರ್ಯಾದೆಗೆ. ಆ ಮರ್ಯಾದೆಯೇ ಈಗ ಒಣಗದೆ ಕೂತಿರೋದು.

ದಪ್ಪವಿದ್ದರೆ ಅತಿಥಿಗಳಿಗೆ ಖುಷಿಯಲ್ಲವೇ?

ಫೆಬ್ರವರಿಯಲ್ಲಿ ಬಂದವರಿಗೆ ಖುಷಿ. ಆದರೆ ಮಳೆ ನೋಡೋಕೆ ಅಂತಲೇ ಜನ ಬರೋದು ಜುಲೈನಲ್ಲಿ. ಆಗ ನಾನು ಮೇಲೆ ಒಣಗಿದ ಹಾಗೆ ನಟಿಸ್ತೀನಿ, ಒಳಗೆ ತೇವ ಇದ್ದೇ ಇರುತ್ತೆ. ಅಲ್ಲಿಗೆ ಬ್ಯಾಕ್ಟೀರಿಯಾ ಬಂದು ಬಿಡಾರ ಹೂಡುತ್ತೆ. ಮೊರಾಕ್ಸೆಲ್ಲಾ ಅಂತ ಒಂದಿದೆ, ಬುಕಿಂಗ್ ಇಲ್ಲದೆ ಬಂದು ಚೆಕ್‌ಔಟ್ ಮಾಡದ ಗಿರಾಕಿ. ಮುಗ್ಗಲು ವಾಸನೆ ಅದರದ್ದು, ಕೆಟ್ಟ ಹೆಸರು ನನ್ನದು.

ವಾಸನೆಗೆ ಅಮ್ಮಾವ್ರು ಏನೂ ಮಾಡಲಿಲ್ಲವೇ?

ಮಾಡಿದರು. ಘಮಘಮ ಅನ್ನೋ ಸಾಫ್ಟನರ್ ಸುರಿದರು. ಅದು ನೂಲಿನ ಮೇಲೆ ಜಿಡ್ಡಿನ ಹಾಗೆ ಪದರ ಕಟ್ಟುತ್ತೆ. ಆಮೇಲೆ ನಾನು ನೀರು ಹೀರೋದು ಬಿಟ್ಟು ಬೆನ್ನಿನ ಈ ಕಡೆಯಿಂದ ಆ ಕಡೆಗೆ ಸವರೋಕೆ ಶುರು ಮಾಡಿದೆ. ಮಲ್ಲಿಗೆ ವಾಸನೆ ಬರುತ್ತೆ, ಮೈ ಒಣಗಲ್ಲ. ಸಾಲದ್ದಕ್ಕೆ ಒಲೆ ಮೇಲೆ ತೂಗಿಹಾಕಿದರು. ಈಗ ಮಲ್ಲಿಗೆ, ಮುಗ್ಗಲು, ಹೊಗೆ, ಮೂರೂ ಸೇರಿದೆ. ಒಬ್ಬರು ರಿವ್ಯೂನಲ್ಲಿ 'ಅಪ್ಪಟ ಮಲೆನಾಡಿನ ಪರಿಮಳ' ಅಂತ ಬರೆದು ಐದು ನಕ್ಷತ್ರ ಕೊಟ್ಟರು. ಯಜಮಾನ್ರು ಅದನ್ನ ಫ್ರೇಮ್ ಹಾಕಿಸಿದ್ದಾರೆ.

ಬಿಳಿ ಬಣ್ಣವೇ ಏಕೆ? ಕೊಳೆ ಬೇಗ ಕಾಣುವುದಿಲ್ಲವೇ?

ಕಾಣಲಿ ಅಂತಲೇ ಬಿಳಿ. ಬಂದವರು ಮೊದಲು ನನ್ನನ್ನ ಬೆಳಕಿಗೆ ಹಿಡಿದು ನೋಡ್ತಾರೆ, ಆಮೇಲೆ ಕಿಟಕಿಯಾಚೆಯ ಬೆಟ್ಟ. ಬಿಳಿಯವನ್ನೆಲ್ಲ ಒಟ್ಟಿಗೇ ಕುದಿಸಬಹುದು, ಬಣ್ಣ ಬಿಡುತ್ತೆ ಅನ್ನೋ ಭಯ ಇಲ್ಲ. ಬಣ್ಣದವರ ಕಷ್ಟ ಬೇರೆ. ಮೊಡವೆ ಕ್ರೀಮಿನಲ್ಲಿ ಬೆಂಜಾಯ್ಲ್ ಪೆರಾಕ್ಸೈಡ್ ಇದ್ದರೆ ನೀಲಿ ಟವೆಲ್ ಮೇಲೆ ಕಿತ್ತಳೆ ಮಚ್ಚೆ ಬೀಳುತ್ತೆ. ಕಾಡಿಗೆ, ಲಿಪ್‌ಸ್ಟಿಕ್ ಒರೆಸೋಕೆ ಬಾಗಿಲ ಹತ್ತಿರ ಒಂದು ಕಪ್ಪು ಕೈವಸ್ತ್ರ ಇಟ್ಟುಬಿಟ್ಟರೆ ನಮ್ಮ ಕುಲದ ಅರ್ಧ ಕಣ್ಣೀರು ನಿಲ್ಲುತ್ತೆ.

ನಿಮ್ಮ ಮೈಮೇಲೆ ಕಾಣುತ್ತಿರುವ ಈ ಕಂದು ಕಲೆ?

ಇಂಬಳದ ಕಥೆ ಅದು. ತೋಟ ಸುತ್ತಿ ಬಂದವರ ಕಾಲಿಗೆ ಕಚ್ಚಿತ್ತು. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಮಾಡೋ ಅಂಶ ಇರುತ್ತೆ, ಕಿತ್ತೆಸೆದ ಮೇಲೂ ಸುರೀತಾನೇ ಇರುತ್ತೆ. ಕೈಗೆ ಸಿಕ್ಕಿದ್ದು ನಾನು. ತಣ್ಣೀರಲ್ಲಿ ನೆನೆಸಿದ್ದರೆ ಹೋಗ್ತಿತ್ತು. ಕೆಲಸದವಳು ಪಾಪ, ಹಂಡೆಯ ಕುದಿನೀರಿಗೇ ಹಾಕಿದಳು. ಬಿಸಿಗೆ ರಕ್ತದ ಕಲೆ ನೂಲಿಗೆ ಕಚ್ಚಿಕೊಂಡು ಖಾಯಂ ಆಯ್ತು. ಇಂಬಳ ಅವರನ್ನ ಬಿಟ್ಟಿತು, ನನ್ನನ್ನ ಬಿಡಲಿಲ್ಲ.

ಹಾಸಿಗೆಯ ಮೇಲೆ ನಿಮ್ಮನ್ನು ಹಂಸದ ಆಕಾರದಲ್ಲಿ ಕೂರಿಸುತ್ತಾರಂತೆ?

ಆ ಮಾತು ಎತ್ತಬೇಡಿ. ಒಂದು ಫೋಟೋ ಸಲುವಾಗಿ ಇಬ್ಬರು ಸೇರಿ ನನ್ನ ಕತ್ತು ತಿರುಚ್ತಾರೆ. ಈ ಊರ ಗದ್ದೆಯಲ್ಲಿ ಇರೋದು ಬೆಳ್ಳಕ್ಕಿ; ಹಂಸ ನೋಡಿದವರು ಯಾರಿದ್ದಾರೆ? ಬಂದವರು ಫೋಟೋ ತೆಗೆದು, ಹಂಸ ಬಿಚ್ಚಿ, ಜೀಪಿನಿಂದ ಇಳಿದ ಬೂಟಿನ ಕೆಸರು ಒರೆಸ್ತಾರೆ. ಜಗಲಿಯಲ್ಲಿ ಒಂದು ಹಳೇ ಗೋಣಿತಾಟು ಹಾಕಿದ್ದರೆ ಸಾಕಿತ್ತು. ಅದು ಫೋಟೋದಲ್ಲಿ ಚಂದ ಕಾಣಲ್ಲವಂತೆ.

'ಪರಿಸರ ಉಳಿಸಿ, ಟವೆಲ್ ಮತ್ತೆ ಬಳಸಿ' ಎಂಬ ಫಲಕ ಕಂಡೆ. ಪರಿಣಾಮ ಹೇಗಿದೆ?

ಆ ಫಲಕದ ಮೇಲೇ ನನ್ನನ್ನ ಒಣಗಹಾಕ್ತಾರೆ. ಅಮೆರಿಕದಲ್ಲಿ ಮೂವರು ಪಂಡಿತರು ಹೋಟೆಲ್ ಟವೆಲ್ ಮೇಲೇ ಅಧ್ಯಯನ ಮಾಡಿ 2008ರಲ್ಲಿ ಪ್ರಕಟಿಸಿದ್ದಾರೆ. ಬರೀ ಪರಿಸರ ಅಂದರೆ ಜನ ಅಷ್ಟಾಗಿ ಕೇಳಲ್ಲ. 'ಇದೇ ಕೋಣೆಯಲ್ಲಿ ಉಳಿದವರಲ್ಲಿ ಬಹಳ ಮಂದಿ ಮತ್ತೆ ಬಳಸಿದ್ದಾರೆ' ಅಂದರೆ ಹೆಚ್ಚು ಜನ ಕೇಳ್ತಾರೆ. ಭೂಮಿತಾಯಿಗೆ ಹೆದರದವರೂ ನಾಲ್ಕು ಜನ ಏನಂತಾರೋ ಅಂತ ಹೆದರ್ತಾರೆ.

ಒಂದು ಹೋಮ್‌ಸ್ಟೇಗೆ ಎಷ್ಟು ಟವೆಲ್ ಬೇಕು?

ಹೋಟೆಲಿನವರ ಲೆಕ್ಕ ಮೂರು ಸೆಟ್ಟು. ಒಂದು ಕೋಣೆಯಲ್ಲಿ, ಒಂದು ಒಗೆಯೋಕೆ, ಒಂದು ಕಪಾಟಿನಲ್ಲಿ. ನಾಲ್ಕು ಕೋಣೆ, ತಲಾ ಇಬ್ಬರು ಅಂದರೆ 24. ಆ ಲೆಕ್ಕ ಬರೆದವರು ಚಾರ್ಮಾಡಿ ಘಾಟಿಯ ಮಳೆ ನೋಡಿದವರಲ್ಲ. ಇಲ್ಲಿ ನಾಲ್ಕನೇ ಸೆಟ್ಟು ಹಗ್ಗದ ಮೇಲೇ ಇರುತ್ತೆ. 32 ಇಟ್ಟುಕೊಳ್ಳಿ.

ಹಾಗಾದರೆ ಈ ಊರಿಗೆ ತಕ್ಕ ಟವೆಲ್ ಯಾವುದು?

ಅಗೋ, ಆ ಮೂಲೆಯ ಮೊಳೆಗೆ ನೇತುಹಾಕಿದ ಯಜಮಾನ್ರ ಬೈರಾಸ. ಕುಣಿಕೆ ಇಲ್ಲ, ದಪ್ಪ ಇಲ್ಲ. ಹಿಂಡಿ ಝಾಡಿಸಿದರೆ ಗಾಳಿಗೇ ಒಣಗುತ್ತೆ. ಮೈ ಒರೆಸುತ್ತೆ, ತಲೆಗೆ ಸುತ್ತಿದರೆ ಮುಂಡಾಸು, ಹೆಗಲಿಗೆ ಹಾಕಿದರೆ ಪಂಚಾಯ್ತಿಗೂ ಆಯ್ತು. ಯಜಮಾನ್ರು ಹುಟ್ಟಿದಾಗಿನಿಂದ ಅದರಲ್ಲೇ ಮೈ ಒರೆಸಿಕೊಂಡಿದ್ದಾರೆ. ನನ್ನನ್ನ ಒಂದು ದಿನವೂ ಮುಟ್ಟಿಲ್ಲ. ಗಿರಾಕಿಗೆ ಮಾತ್ರ ಬೈರಾಸ ಕೊಡೋಕೆ ನಾಚಿಕೆ. 'ಮನೆಯ ಹಾಗೇ ಇರಿ' ಅಂತ ಬೋರ್ಡು ಹಾಕಿ, ಮನೆಯಲ್ಲಿ ಯಾರೂ ಬಳಸದ್ದನ್ನೇ ಕೈಗೆ ಕೊಡ್ತಾರೆ.

ಬೈರಾಸ ಕೊಟ್ಟರೆ ಪಟ್ಟಣದವರು ಒಪ್ಪುತ್ತಾರೆಯೇ?

ಒಪ್ಪದವರಿಗೆ 400 ಜಿಎಸ್‌ಎಂ ಆಸುಪಾಸಿನದು ಇಡಿ. ಊರಿನ ಮಳೆ ನೋಡಿ ಟವೆಲ್ ತರಬೇಕು, ಮೊಬೈಲ್ ನೋಡಿ ಅಲ್ಲ.

ನಿಮ್ಮ ನಿವೃತ್ತಿ ಯಾವಾಗ?

ವರ್ಷದ ಲೆಕ್ಕ ಬೇಡ. ಕಿಟಕಿಗೆ ಹಿಡಿದಾಗ ಆಚೆಯ ಬೆಳಕು ತೂರಿ ಬಂದರೆ, ಅಂಚಿನ ಹೊಲಿಗೆ ಬಿಚ್ಚಿದರೆ ಸಾಕು, ಕಳಿಸಿಕೊಡಿ. ಕಳಿಸೋದಾದರೆ ಕೋಣೆಯ ಜೋಡಿಯನ್ನ ಒಟ್ಟಿಗೇ ಕಳಿಸಿ. ಹೋದ ತಿಂಗಳು ಮದುವೆಯಾಗಿ ಬಂದ ಗಂಡ ಹೆಂಡತಿಗೆ ಒಂದು ಹೊಸದು, ಒಂದು ಹಳೇದು ಕೊಟ್ಟರು. ಹೊಸದು ಯಾರಿಗೆ ಅನ್ನೋದು ತೀರ್ಮಾನ ಆಗೋ ಹೊತ್ತಿಗೆ ಹಂಡೆ ನೀರು ಆರಿತ್ತು. ನನ್ನನ್ನ ನಾಲ್ಕು ತುಂಡು ಮಾಡಿ ಜೀಪಿನ ಗಾಜು ಒರೆಸೋಕೆ ಹಾಕಿದರೆ ಸಂತೋಷ. ಅಲ್ಲಿ ನಕ್ಷತ್ರ ಕೊಡೋರು ಯಾರೂ ಇರಲ್ಲ.

ಬಹಳ ತಿಳಿವಳಿಕೆಯ ಮಾತು. ಅಂದಹಾಗೆ, ನಾನೂ ಸ್ನಾನ ಮಾಡಬೇಕಿತ್ತು. ಅಮ್ಮಾವ್ರು ಬೈರಾಸ ಕೊಟ್ಟಿದ್ದಾರೆ. ಸ್ವಲ್ಪ ದಪ್ಪದ್ದು ಏನಾದರೂ ಸಿಗಬಹುದೇ?

ಯಾಕಿಲ್ಲ, ನಾನೇ ಇದ್ದೀನಲ್ಲ. ಶನಿವಾರದ ತನಕ ಒದ್ದೆಯಲ್ಲೇ ನಿಂತಿರ್ತೀರಾ?