ಹಿಂದಡಿ ಪ್ರಕರಣ

ಪ್ರೈಮ್ ಲೆನ್ಸಿನ ಬಗ್ಗೆ ಬರೆದವರೆಲ್ಲ ಲೆನ್ಸನ್ನೇ ವಿಂಗಡಿಸಿದ್ದಾರೆ: ಮೂವತ್ತೈದು, ಐವತ್ತು, ಎಂಬತ್ತೈದು. ಇದು ಎತ್ತಿನ ಸುಳಿ ನೋಡಲು ಹೋಗಿ ಮೂಗುದಾರ ಅಳೆದು ಬಂದ ಹಾಗೆ. ವಿಂಗಡಿಸಬೇಕಾದದ್ದು ಲೆನ್ಸು ಹಿಡಿದವನ ಕಾಲುಗಳನ್ನು. ಹಿರಿಯೂರಿನ ಮನೆ, ಸಂತೆ, ತೋಟ, ಅಣೆಕಟ್ಟುಗಳಲ್ಲಿ ಐವತ್ತು ಮಿಲಿಮೀಟರಿನ 1.8 ಲೆನ್ಸೊಂದನ್ನು ಹೊತ್ತು ತಿರುಗಿ, ಎರಡು ಸಲ ಬಿದ್ದು, ಈ ಶಾಸ್ತ್ರಕ್ಕೆ ಕೈ ಹಾಕಿದ್ದೇನೆ.

ಮೊದಲು ಲಕ್ಷಣ. 'ಜೂಮ್ ಇಲ್ಲದ್ದೇ ಪ್ರೈಮ್' ಎಂದರೆ ಅತಿವ್ಯಾಪ್ತಿ ದೋಷ. ನಮ್ಮಜ್ಜನ ಕನ್ನಡಕಕ್ಕೂ ಜೂಮ್ ಇರಲಿಲ್ಲ. 'ಹಿನ್ನೆಲೆಯನ್ನು ಬ್ಲರ್ ಮಾಡುವುದೇ ಪ್ರೈಮ್' ಎಂದರೆ ಅವ್ಯಾಪ್ತಿ. ಕಿಂಡಿ ಕಿರಿದು ಮಾಡಿ ಹೊಡೆದರೆ ಅದೇ ಲೆನ್ಸು ಹಿಂದಿನ ಪ್ಲಾಸ್ಟಿಕ್ ಕೊಡಗಳನ್ನು ಎಣಿಸಿ ಕೊಡುತ್ತದೆ. 'ಅಗ್ಗವಾಗಿಯೂ ಚೆನ್ನಾಗಿಯೂ ಇರುವ ಲೆನ್ಸು' ಎಂದರೆ ಅಸಂಭವ ದೋಷ ಎಂಬುದು ಮದುವೆ ಫೋಟೋಗ್ರಾಫರುಗಳ ಮತ. ಇದು ನಿಲ್ಲುವುದಿಲ್ಲ. ಕ್ಯಾನನ್‌ನವರು 1990ರಲ್ಲಿ ತಂದ ಐವತ್ತರ ತೂಕ 130 ಗ್ರಾಂ. ಕ್ಯಾಮೆರಾಗೆ ಕಚ್ಚಿಕೊಳ್ಳುವ ಬಳೆಯೂ ಪ್ಲಾಸ್ಟಿಕ್ಕು. 2015ರಲ್ಲಿ ಬಂದದ್ದು 160 ಗ್ರಾಂ, ಬಳೆ ಲೋಹದ್ದು, ಬೆಲೆ ಹತ್ತು ಸಾವಿರದ ಆಸುಪಾಸು. ಎರಡೂ ಮುಖವನ್ನು ಮುಖದ ಹಾಗೇ ತೋರಿಸುತ್ತವೆ. ಆದ್ದರಿಂದ ಸಿದ್ಧಾಂತ: ಯಾವುದರ ಸಂಗಮದೂರ ಬದಲಾಗುವುದಿಲ್ಲವೋ ಅದು ಪ್ರೈಮ್. (ಸಂಗಮ ಎಂದೊಡನೆ ಹಿರಿಯೂರಿನವರಿಗೆ ನೆನಪಾಗುವುದು ವೇದಾವತಿ, ಸುವರ್ಣಮುಖಿ ಸೇರುವ ಕೂಡಲಹಳ್ಳಿ. ಅದನ್ನೂ ನಮ್ಮ ಅನುಕೂಲಕ್ಕೆ ಹತ್ತಿರ ಎಳೆದುಕೊಳ್ಳಲು ಬರುವುದಿಲ್ಲ, ನಾವೇ ಹೋಗಬೇಕು.)

ಇನ್ನು ವಂಶಾವಳಿ. ಈ ಲೆನ್ಸಿನ ಮೂಲಪುರುಷ ಪ್ಲಾನಾರ್. ಜರ್ಮನಿಯ ಪಾಲ್ ರುಡಾಲ್ಫ್ ಅದನ್ನು ರೂಪಿಸಿದ್ದು 1896ರಲ್ಲಿ. ಎರಡು ವರ್ಷಕ್ಕೆ, 1898ರಲ್ಲಿ, ನಮ್ಮ ಮಾರಿಕಣಿವೆಯಲ್ಲಿ ಅಣೆಕಟ್ಟಿನ ಕೆಲಸ ಶುರುವಾಯಿತು. ಎರಡರ ವಿನ್ಯಾಸವೂ ಒಂದೇ ಎಂಬುದನ್ನು ಇದುವರೆಗೆ ಯಾವ ಪಂಡಿತನೂ ಗಮನಿಸಿಲ್ಲ. ಆಚೆಗೊಂದು ಈಚೆಗೊಂದು ಗಾಜಿನ ಗುಡ್ಡ, ನಡುವೆ ತೂಬು: ಇದು ಪ್ಲಾನಾರ್. ಆಚೆಗೊಂದು ಈಚೆಗೊಂದು ಕಲ್ಲಿನ ಗುಡ್ಡ, ನಡುವೆ ತೂಬಿರುವ ಕಟ್ಟೆ: ಇದು ವಾಣಿವಿಲಾಸ ಸಾಗರ. ವ್ಯತ್ಯಾಸವೆಂದರೆ ಲೆನ್ಸಿನ ತೂಬಿನ ಅಂಕಿ ತಲೆಕೆಳಗು. 1.8 ಎಂದರೆ ಪೂರ್ತಿ ಎತ್ತಿದ್ದು, 16 ಎಂದರೆ ತೊಟ್ಟಿಕ್ಕುವುದು. ಕ್ಯಾಮೆರಾದ ಜೊತೆ ಬರುವ ಕಿಟ್ ಜೂಮನ್ನು ಪೂರ್ತಿ ಎಳೆದಾಗ ಅದರ ತೂಬು 5.6ಕ್ಕಿಂತ ಮೇಲೇಳದು, ಐವತ್ತರ 1.8ರಲ್ಲಿ ಅದರ ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು ನುಗ್ಗುತ್ತದೆ. ಕರೆಂಟು ಹೋದ ಅಡುಗೆಮನೆಯಲ್ಲಿ, ಸಂಜೆಯ ಬೋಂಡಾ ಗಾಡಿಯ ಒಂಟಿ ಬಲ್ಬಿನ ಕೆಳಗೆ ಇದೇ ದೊಡ್ಡ ಭಾಗ್ಯ. ಹಿರಿಯೂರಿನ ನಡುಹಗಲಿನಲ್ಲಿ ಇದೇ ಶಾಪ. ನಮ್ಮ ಏಪ್ರಿಲ್ ಬಿಸಿಲಿಗೆ 1.8ನ್ನು ತೆರೆದಿಟ್ಟರೆ ಶಟರು ಸೆಕೆಂಡಿನ ಎಂಟು ಸಾವಿರದಲ್ಲೊಂದು ಪಾಲಿಗೆ ಮುಚ್ಚಬೇಕು. ನನ್ನ ಕ್ಯಾಮೆರಾಗೆ ನಾಲ್ಕು ಸಾವಿರಕ್ಕೇ ಉಸಿರು ನಿಲ್ಲುತ್ತದೆ. ಫೋಟೋ ಬಿಳಿ ಪಂಚೆಯಾಗಿ ಬರುತ್ತದೆ. ತೂಬು ಇಳಿಸಿ, ಅಥವಾ ಹುಣಸೆಮರದ ನೆರಳಿಗೆ ಹೋಗಿ.

ಈಗ ಪ್ರಕೃತ ವಿಷಯ, ಹಿಂದಡಿ. ಫ್ರಾನ್ಸಿನ ಫೋಟೋಗ್ರಾಫರ್ ಕಾರ್ತಿಯೆ-ಬ್ರೆಸಾನ್ ಬಹುಪಾಲು ಐವತ್ತರಲ್ಲೇ ಬಾಳಿದ ಎಂದು ನಮಗೆ ಉಪದೇಶಿಸುವವರು ಒಂದು ಮಾತು ಮುಚ್ಚಿಡುತ್ತಾರೆ. ಅವನ ಲೈಕಾದ ಫಿಲ್ಮು ದೊಡ್ಡದು, ನಮ್ಮ ಅಗ್ಗದ ಕ್ಯಾಮೆರಾದ ಸೆನ್ಸರು ಚಿಕ್ಕದು. ಹಾಗಾಗಿ ಪ್ಯಾರಿಸ್ಸಿನ ಐವತ್ತು ಹಿರಿಯೂರಿಗೆ ಬರುವಷ್ಟರಲ್ಲಿ ಎಂಬತ್ತಾಗಿರುತ್ತದೆ. ಐದೂವರೆ ಅಡಿಯ ಮನುಷ್ಯ ಅಂಗಾಲಿನಿಂದ ನೆತ್ತಿಯವರೆಗೆ ಬೇಕೆಂದರೆ ಕ್ಯಾಮೆರಾ ಉದ್ದಕ್ಕೆ ಹಿಡಿದು ಹದಿಮೂರಡಿ, ಅಡ್ಡಕ್ಕೆ ಹಿಡಿದರೆ ಹತ್ತೊಂಬತ್ತಡಿ ಹಿಂದೆ ಹೋಗಬೇಕು. ಈ ಹೋಗುವಿಕೆ ಯಾವುದರಲ್ಲಿ ಕೊನೆಯಾಗುತ್ತದೆ ಎಂಬುದರ ಮೇಲೆ ಭೇದಗಳು.

ಒಂದು, ಭಿತ್ತ್ಯಂತ, ಅಂದರೆ ಗೋಡೆಯಲ್ಲಿ ಮುಗಿಯುವುದು. ನಮ್ಮ ಹಜಾರ ಹನ್ನೆರಡಡಿ. ಗೌರಿಹಬ್ಬಕ್ಕೆ ಬಂದ ಆರು ಜನ ಸಾಲಾಗಿ ನಿಂತರೆ ಹತ್ತಡಿ ಅಗಲ. ಅವರನ್ನು ಹಿಡಿಸಲು ಇಪ್ಪತ್ತೆರಡಡಿ ಬೇಕು. ನಾನು ಗೋಡೆಗೆ ಬೆನ್ನು ಹಚ್ಚಿದೆ, ಬೀರುವಿನ ಸಂದಿಗೆ ತೂರಿದೆ, ಕಡೆಗೆ ಬಾಗಿಲು ದಾಟಿ ಜಗಲಿಗೆ ಬಂದೆ. ಅಲ್ಲಿಂದ ಕಂಡದ್ದು ಬಾಗಿಲುವಾಡದ ಚೌಕಟ್ಟಿನೊಳಗೆ ಮೂವರು. ಉಳಿದ ಮೂವರು ಇವತ್ತಿಗೂ ಮಾತು ಬಿಟ್ಟಿದ್ದಾರೆ. "ಅದ್ಯಾಕೋ, ಜೂಮ್ ಆಗಲ್ವೇನೋ ಅದು?" ಎಂದು ಸೋದರಮಾವ ಕೇಳಿದರು. ಅವರನ್ನು ಒಬ್ಬರನ್ನೇ ಕೂರಿಸಿ ನಾಲ್ಕಡಿಯಿಂದ, ತೂಬು ಪೂರ್ತಿ ಎತ್ತಿ, ಹೊಡೆದುಕೊಟ್ಟೆ. ಆ ದೂರದಲ್ಲಿ 1.8ರ ಸ್ಪಷ್ಟತೆಗೆ ಇರುವ ದಪ್ಪ ಸುಮಾರು ಒಂದೂವರೆ ಅಂಗುಲ. ಮೀಸೆಯ ಒಂದೊಂದು ಕೂದಲೂ ಎಣಿಸುವಂತಿತ್ತು. "ಮೀಸೆ ಏನೋ ಚೆನ್ನಾಗೈತೆ, ಕಿವಿ ಎಲ್ಲೋಯ್ತೋ?" ಎಂದರು.

ಎರಡು, ಜಲಾಂತ. ಇದು ಅಡಿಕೆ ತೋಟದ್ದು. ಸಾಲುಗಳ ನಡುವೆ ಹಿಂದಕ್ಕೆ ಹೋಗಲು ಬೇಕಾದಷ್ಟು ಉದ್ದವುಂಟು, ಕೊನೆಯಲ್ಲಿ ಕಾಲುವೆಯೂ ಉಂಟು. "ನೋಡ್ಕಂಡಣ್ಣ, ಹಿಂದೆ ನೀರೈತೆ" ಎಂದು ತೋಟದ ಹುಡುಗ ಕೂಗಿದ್ದು ನಿಜ. ನಾನು ಬಿದ್ದ ಮೇಲೆ. ಲೆನ್ಸಿಗೆ ಏನೂ ಆಗಲಿಲ್ಲ. ಕೈ ಎತ್ತಿ ಹಿಡಿದಿದ್ದೆ.

ಮೂರು, ಲಾರ್ಯಂತ. ಊರ ಪಕ್ಕದ 48ನೇ ಹೆದ್ದಾರಿಯ ಅಂಚಿನಲ್ಲಿ ಹಿಂದಡಿ ಇಡುವವರ ಭೇದ ಇದು. ಉದಾಹರಣೆ ಕೊಡಲು ಯಾರೂ ಉಳಿದಿರುವುದಿಲ್ಲವಾಗಿ ಇಲ್ಲಿಗೇ ಬಿಡುತ್ತೇನೆ.

ನಾಲ್ಕು, ಅನಂತ. ವಾಣಿವಿಲಾಸದ ಕಟ್ಟೆ ಸುಮಾರು 1,330 ಅಡಿ ಉದ್ದ. ಈ ಲೆನ್ಸಿನಲ್ಲಿ ಅದು ಪೂರ್ತಿ ಬರಬೇಕಾದರೆ ಮೂರು ಸಾವಿರ ಅಡಿ, ಅಂದರೆ ಒಂದು ಕಿಲೋಮೀಟರಿಗೆ ಸ್ವಲ್ಪವೇ ಕಡಿಮೆ, ಹಿಂದೆ ನಡೆಯಬೇಕು. 1933ರ ಮೇಲೆ ಮೊದಲ ಸಲ 2022ರಲ್ಲಿ ಸಾಗರ ಕೋಡಿ ಬಿದ್ದಾಗ ಜಿಲ್ಲೆಗೆ ಜಿಲ್ಲೆಯೇ ಬಂದು ನಿಂತಿತ್ತು. ಒಂದಡಿ ಹಿಂದೆ ಸರಿದರೆ ಯಾರದೋ ಕಾಲುಬೆರಳು. ಫೋನಿನವರು ಕೈ ಎತ್ತಿ ಇಡೀ ಜಲರಾಶಿಯನ್ನು ಬಾಚಿಕೊಂಡರು. ನನ್ನ ಪಾಲಿಗೆ ಬಂದದ್ದು ಒಬ್ಬ ಮುದುಕಿ: ಸೆರಗಿನ ತುದಿಯನ್ನು ಕೋಡಿ ನೀರಿಗೆ ಅದ್ದಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಕಟ್ಟೆ ಎಲ್ಲಿ ಎಂದು ಫೋಟೋ ನೋಡಿದವರೆಲ್ಲ ಕೇಳುತ್ತಾರೆ. ನಾನು ಆ ಸೆರಗನ್ನು ತೋರಿಸುತ್ತೇನೆ.

ಪೂರ್ವಪಕ್ಷ: ಇಷ್ಟು ಕಷ್ಟವೇಕೆ, ದೂರದಿಂದ ಎಳೆಯುವ ಜೂಮ್ ಇಲ್ಲವೇ? ಉಂಟು. ತೇಜಸ್ವಿಯವರನ್ನು ಓದಿ ಹಕ್ಕಿಯ ಬೆನ್ನು ಹತ್ತಿದವರಿಗೆ ಅದೇ ತಕ್ಕದ್ದು. ಹಕ್ಕಿ ಯಾರನ್ನೂ ಮಾತನಾಡಿಸುವುದಿಲ್ಲ. ಸಂತೆಯಲ್ಲಿ ಹಾಗಲ್ಲ. ಇಲ್ಲಿಂದಲೇ ಶಾಸ್ತ್ರದ ಉತ್ತರಾರ್ಧ ಹುಟ್ಟುತ್ತದೆ, ಮುಂದಡಿ. ಹಿಂದಡಿಗೆ ಬೇಕಾದದ್ದು ಜಾಗ, ಮುಂದಡಿಗೆ ಬೇಕಾದದ್ದು ಧೈರ್ಯ. ಜೂಮಿನವನು ಬೀದಿಯಾಚೆ ನಿಂತು ಕದ್ದು ಹೊಡೆದು ಹೋಗಬಲ್ಲ. ಐವತ್ತರವನು ಮುಖ ಬೇಕೆಂದರೆ ನಾಲ್ಕೈದಡಿಗೆ ಬರಲೇಬೇಕು, ಬಂದಮೇಲೆ "ಯಾವೂರಪ್ಪ? ಪೇಪರ್ನೋನಾ?" ಎಂಬುದಕ್ಕೆ ಉತ್ತರಿಸಲೇಬೇಕು. ಇದೇ ಊರು ಎಂದರೆ ಯಾರ ಮಗ ಎಂಬ ಪ್ರಶ್ನೆ. ಅದಕ್ಕೆ ಉತ್ತರ ಹೇಳುತ್ತಿರುವಾಗಲೇ ಮುಖ ಸಡಿಲವಾಗುತ್ತದೆ, ಶಟರು ಒತ್ತಬೇಕಾದದ್ದು ಆಗ.

ಮುಂದಡಿಯ ಪರಮಾವಧಿ ಹದಿನಾಲ್ಕು ಅಂಗುಲ. ಅದಕ್ಕಿಂತ ಹತ್ತಿರ ಹೋದರೆ ಲೆನ್ಸು ಗುರ್ ಗುರ್ ಎಂದು ಹಿಂದೆ ಮುಂದೆ ತಿರುಗಿ ಸುಮ್ಮನಾಗುತ್ತದೆ. ಸಂತೆಯಲ್ಲಿ ಶೇಂಗಾ ಮಾರುವ ಅಜ್ಜಿಯ ಕೈಯನ್ನು ಅಷ್ಟು ಹತ್ತಿರದಿಂದ ಹಿಡಿದೆ: ಬೆರಳ ಸಂದಿಯ ಕೆಮ್ಮಣ್ಣು, ಸವೆದ ಬಳೆ. ಹಿಡಿದು ಎದ್ದೆ. "ಆಯ್ತೇನಪ್ಪ?" ಎಂದಳು ಅಜ್ಜಿ. ಆಯ್ತಜ್ಜಿ ಎಂದೆ. "ಎಷ್ಟು ಸೇರು ಹಾಕ್ಲಿ?"

ಹೀಗಾಗಿ ಮುಂದಡಿಯನ್ನು ಮತ್ತೆ ಎರಡಾಗಿ ಒಡೆಯಬೇಕಾಗಿದೆ: ಶೇಂಗಾ ಸಹಿತ, ಶೇಂಗಾ ರಹಿತ. ಎರಡನೆಯದಕ್ಕೆ ನನಗಿನ್ನೂ ಉದಾಹರಣೆ ಸಿಕ್ಕಿಲ್ಲ.