ಕ್ಲ್ಯಾಶ್ ಅಲ್ಲದ ಕ್ಲ್ಯಾಶ್

ಪಂಕ್ ರಾಕ್ ಹುಟ್ಟಿದಾಗ ಸಾರಿದ ಮೊದಲ ಸಿದ್ಧಾಂತವೆಂದರೆ, ಸಂಗೀತವನ್ನು ಯಾರು ಬೇಕಾದರೂ ನುಡಿಸಬಹುದು ಎಂಬುದು. 1970ರ ದಶಕದ ನಡುವಿನಲ್ಲಿ ಲಂಡನ್ನಿನ ಹುಡುಗರು ಗಿಟಾರಿನ ಮೇಲೆ ಮೂರು ಕಾರ್ಡ್ ಹಿಡಿಯಲು ಕಲಿತರೆ ನಾಲ್ಕನೆಯದಕ್ಕೆ ಕಾಯದೆ ಬ್ಯಾಂಡ್ ಕಟ್ಟುತ್ತಿದ್ದರು. ಅದೇ ಸಂಗೀತದ ಅಭಿಮಾನಿಗಳ ಸಿದ್ಧಾಂತ ಮಾತ್ರ ತುಸು ಬೇರೆ: ಯಾರು ಬೇಕಾದರೂ ನುಡಿಸಲಿ, ಆದರೆ ನಮ್ಮ ಬ್ಯಾಂಡಿನಲ್ಲಿ ಆ ನಾಲ್ವರನ್ನು ಬಿಟ್ಟು ಐದನೆಯವನು ಕೈಯಾಡಿಸಕೂಡದು. ಈ ಎರಡು ಸಿದ್ಧಾಂತಗಳು ಡಿಕ್ಕಿ ಹೊಡೆದ ಪ್ರಸಂಗಗಳು ಬೇಕಾದಷ್ಟಿವೆ. ಅವುಗಳಲ್ಲಿ ಎಲ್ಲಕ್ಕಿಂತ ರಂಗೇರಿದ್ದು ದಿ ಕ್ಲ್ಯಾಶ್ ಬ್ಯಾಂಡಿನ ಕೊನೆಯ ಆಲ್ಬಮ್ ‘ಕಟ್ ದ ಕ್ರ್ಯಾಪ್’ ಕುರಿತದ್ದು. ಅದು ಬಂದದ್ದು 1985ರ ನವೆಂಬರಿನಲ್ಲಿ. ಜಗಳ ಇನ್ನೂ ನಡೆದಿದೆ.

ಅಭಿಮಾನಿಗಳು ಪಟ್ಟು ಹಿಡಿದಿರುವ ಆ ನಾಲ್ವರು ಯಾರೆಂದರೆ ಜೋ ಸ್ಟ್ರಮರ್, ಮಿಕ್ ಜೋನ್ಸ್, ಪಾಲ್ ಸಿಮನನ್ ಮತ್ತು ಡ್ರಮ್ ಬಾರಿಸುತ್ತಿದ್ದ ಟಾಪರ್ ಹೆಡನ್. ಅಸಲಿಗೆ ಹೆಡನ್ ಕೂಡ ಆಮೇಲೆ ಬಂದವನೇ; 1977ರ ಮೊದಲ ಆಲ್ಬಮ್ಮಿನಲ್ಲಿ ಡ್ರಮ್ ಬಾರಿಸಿದ್ದು ಟೆರಿ ಚೈಮ್ಸ್. ಆದರೆ ‘ಲಂಡನ್ ಕಾಲಿಂಗ್’ ಹೆಡನ್ ಇದ್ದಾಗ ಬಂತು, ಆದ್ದರಿಂದ ಅವನು ಮೂಲನಿವಾಸಿ. ಅಭಿಮಾನಿಗಳ ದಫ್ತರಿನಲ್ಲಿ ಒಬ್ಬನ ಹೆಸರು ಖಾಯಂ ಆಗುವುದು ಅವನು ಸೇರಿದ ತಾರೀಖಿನಿಂದಲ್ಲ, ಅವರ ಮೆಚ್ಚಿನ ಆಲ್ಬಮ್ಮಿನ ತಾರೀಖಿನಿಂದ.

1982ರಲ್ಲಿ ‘ಕಾಂಬ್ಯಾಟ್ ರಾಕ್’ ಹೊರಬರುವ ಹೊತ್ತಿಗೇ ಹೆಡನ್‌ನನ್ನು ಮನೆಗೆ ಕಳಿಸಲಾಯಿತು; ಕಾರಣ ಹೆರಾಯಿನ್ ಚಟ. ಅವನೇ ಸಂಗೀತ ಕಟ್ಟಿದ ‘ರಾಕ್ ದ ಕ್ಯಾಸ್ಬಾ’ ಅಮೆರಿಕದಲ್ಲಿ ಮೊದಲ ಹತ್ತರ ಪಟ್ಟಿ ಸೇರಿದಾಗ ಅವನು ಬ್ಯಾಂಡಿನಲ್ಲಿರಲಿಲ್ಲ. 1983ರ ಸೆಪ್ಟೆಂಬರಿನಲ್ಲಿ ಮಿಕ್ ಜೋನ್ಸ್‌ನ ಸರದಿ. ಅವನು ಕ್ಲ್ಯಾಶ್‌ನ ಮೂಲ ಆಶಯದಿಂದ ದೂರ ಸರಿದಿದ್ದಾನೆ ಎಂಬ ಅರ್ಥದ ಹೇಳಿಕೆ ಹೊರಬಿತ್ತು. ಹಾಡುಗಳಿಗೆ ಮಾತು ಸ್ಟ್ರಮರ್‌ನದು, ರಾಗ ಬಹುಪಾಲು ಜೋನ್ಸ್‌ನದು. ಮೂಲ ಆಶಯ ಬ್ಯಾಂಡಿನಲ್ಲೇ ಉಳಿಯಿತು, ರಾಗ ಹೊರಟುಹೋಯಿತು.

ಒಬ್ಬನ ಜಾಗಕ್ಕೆ ಇಬ್ಬರನ್ನು ತರಲಾಯಿತು: ನಿಕ್ ಶೆಪರ್ಡ್ ಮತ್ತು ವಿನ್ಸ್ ವೈಟ್. ಡ್ರಮ್ಮಿಗೆ ಪೀಟ್ ಹೊವರ್ಡ್ ಇದ್ದ. ವಿನ್ಸ್‌ನ ನಿಜವಾದ ಹೆಸರು ಗ್ರೆಗ್. ಗ್ರೆಗ್ ಎಂಬ ಹೆಸರಿನವನ ಜೊತೆ ನುಡಿಸುವುದಕ್ಕಿಂತ ಬ್ಯಾಂಡ್ ಬಿಡುವುದೇ ಮೇಲು ಎಂದು ಸಿಮನನ್ ಹಟ ಹಿಡಿದದ್ದರಿಂದ ಹೆಸರು ಬದಲಾಯಿತು ಎಂಬುದು ಪ್ರಚಲಿತ ಕಥೆ. ದೊರೆತನವನ್ನು ಧಿಕ್ಕರಿಸಿ ಹಾಡು ಕಟ್ಟಿದ ಬ್ಯಾಂಡಿನಲ್ಲಿ ನೌಕರಿಗೆ ಸೇರುವವನಿಗೆ ನಾಮಕರಣವೂ ಆಗಬೇಕಾಯಿತೆಂಬುದು ಗಮನಾರ್ಹ. ಇಬ್ಬರು ಬಂದರೂ ಅಭಿಮಾನಿಗಳ ಲೆಕ್ಕದಲ್ಲಿ ಒಬ್ಬ ಕಡಿಮೆಯೇ ಇದ್ದ.

ಇಷ್ಟಾದರೂ ಈ ಐವರನ್ನು ವೇದಿಕೆಯ ಮೇಲೆ ಕಂಡವರು ಅಷ್ಟಾಗಿ ಗೊಣಗಲಿಲ್ಲ. 1985ರ ಮೇ ತಿಂಗಳಲ್ಲಿ ಇವರು ಒಂದು ವಿಚಿತ್ರ ಪ್ರವಾಸ ಹೊರಟರು. ಆಂಪ್ಲಿಫಯರ್ ಇಲ್ಲ, ಟಿಕೆಟ್ ಇಲ್ಲ, ಹೋಟೆಲ್ ಕಾದಿರಿಸಿಲ್ಲ. ಕೈಯಲ್ಲಿ ಸಾದಾ ಗಿಟಾರು. ನಾಟಿಂಗ್‌ಹ್ಯಾಮ್, ಲೀಡ್ಸ್, ಯಾರ್ಕ್ ಎಂದು ಉತ್ತರಕ್ಕೆ ಸಾಗಿ ಸ್ಕಾಟ್ಲೆಂಡಿನವರೆಗೂ ಹೋದರು. ಬಸ್ ನಿಲ್ದಾಣದ ಪಕ್ಕ, ಸೇತುವೆಯ ಕೆಳಗೆ, ಪಬ್ಬಿನ ಬಾಗಿಲಲ್ಲಿ ನಿಂತು ಹಾಡಿದರು, ಬಿದ್ದ ಚಿಲ್ಲರೆಯಲ್ಲಿ ಊಟ ಮಾಡಿದರು, ಕೇಳಲು ಬಂದವರ ಮನೆಯ ನೆಲದ ಮೇಲೆ ಮಲಗಿದರು. ಎರಡು ವರ್ಷದ ಹಿಂದೆ ಕ್ಯಾಲಿಫೋರ್ನಿಯಾದ ಯುಎಸ್ ಫೆಸ್ಟಿವಲ್ಲಿನಲ್ಲಿ ಲಕ್ಷಗಟ್ಟಲೆ ಜನರ ಮುಂದೆ ನಿಂತಿದ್ದ ಸ್ಟ್ರಮರ್ ಈಗ ಬೀದಿಬದಿಯಲ್ಲಿ ಗಂಟಲು ಹರಿದುಕೊಳ್ಳುತ್ತಿದ್ದ. ನೋಡಿದವರಿಗೆ ಇದಕ್ಕಿಂತ ಪಂಕ್ ಇನ್ನೊಂದಿರಲಿಲ್ಲ. ಮಿಕ್ ಜೋನ್ಸ್ ಎಲ್ಲಿ ಎಂದು ಕೇಳುವ ಬಾಯಿಗಳೂ ಅಲ್ಲಿ ಕೋರಸ್ ಹಾಡುವುದರಲ್ಲಿ ನಿರತವಾಗಿದ್ದವು.

ಕೆಟ್ಟದ್ದು ಆಲ್ಬಮ್. ಬ್ಯಾಂಡಿನ ಮ್ಯಾನೇಜರ್ ಬರ್ನಿ ರೋಡ್ಸ್ ತಾನೇ ನಿರ್ಮಾಪಕನಾಗಿ ಕುಳಿತು, ಹೊದಿಕೆಯ ಮೇಲೆ ‘ಹೋಸೆ ಯೂನಿಡೋಸ್’ ಎಂಬ ಸುಳ್ಳು ಹೆಸರು ಹಾಕಿಸಿಕೊಂಡ. ಹಾಡುಗಳ ಕರ್ತೃಗಳೆಂದು ಸ್ಟ್ರಮರ್ ಜೊತೆ ರೋಡ್ಸ್ ಹೆಸರಿತ್ತು. ಡ್ರಮ್ಮರ್ ಇದ್ದೂ ಡ್ರಮ್ ಯಂತ್ರ ಬಂತು. ಸಿಮನನ್ ಇದ್ದೂ ಬೇಸ್ ನುಡಿಸಲು ನಾರ್ಮನ್ ವಾಟ್-ರಾಯ್ ಬಂದ. ಅದರ ಮೇಲೆ ಸಿಂಥಸೈಜರು, ಅದರ ಮೇಲೆ ಫುಟ್ಬಾಲ್ ಮೈದಾನದ ಗ್ಯಾಲರಿಯಿಂದ ಎದ್ದಂಥ ಸಾಮೂಹಿಕ ಕೂಗು. ಅಂದರೆ ಹೊಸಬರು ಕೆಡಿಸಿದರು ಎಂದು ಯಾರ ಮೇಲೆ ಆರೋಪ ಬಂತೋ, ಅವರಿಗೆ ಕೆಡಿಸುವ ಅವಕಾಶವೂ ಸರಿಯಾಗಿ ಸಿಕ್ಕಿರಲಿಲ್ಲ. ಪೀಟ್ ಹೊವರ್ಡ್‌ನ ಡ್ರಮ್ ಚೆನ್ನಾಗಿಲ್ಲ ಎಂದು ಬೈದವರು ಒಂದು ಯಂತ್ರವನ್ನು ಬೈಯುತ್ತಿದ್ದರು.

ಆಲ್ಬಮ್ ಬ್ರಿಟನ್ನಿನ ಪಟ್ಟಿಯಲ್ಲಿ 16ನೆಯ ಸ್ಥಾನ ತಲುಪಿತು, ಅಮೆರಿಕದಲ್ಲಿ 88ನೆಯದು. ಅಭಿಮಾನಿಗಳು ಕವಲಾದರು. ಕಟ್ಟಾ ಸನಾತನಿಗಳ ಪ್ರಕಾರ ಈ ಆಲ್ಬಮ್ ಕೆಟ್ಟದ್ದಲ್ಲ, ಇಲ್ಲವೇ ಇಲ್ಲ. ಕ್ಲ್ಯಾಶ್ ಮಾಡಿದ್ದು ಐದೇ ಆಲ್ಬಮ್. ಇದಕ್ಕಿಂತ ಮೆತ್ತಗಿನವರು ‘ದಿಸ್ ಈಸ್ ಇಂಗ್ಲೆಂಡ್’ ಒಂದನ್ನು ಮಾತ್ರ ಬದುಕಿಸಿಕೊಳ್ಳುತ್ತಾರೆ. ಥ್ಯಾಚರ್ ಕಾಲದ ನಿರುದ್ಯೋಗ, ಬೀದಿಯ ಹಿಂಸೆಗಳನ್ನು ಹೊತ್ತ ಆ ಹಾಡು ನಿಜಕ್ಕೂ ದೊಡ್ಡದು, ಅದೇ ಡ್ರಮ್ ಯಂತ್ರ ಅದಕ್ಕೆ ಒಪ್ಪುತ್ತದೆ ಕೂಡ. ಇನ್ನೊಂದು ಪಂಗಡದವರು ವೇದಿಕೆಯಲ್ಲಿ ಕದ್ದು ಮಾಡಿಕೊಂಡ ಧ್ವನಿಮುದ್ರಣಗಳ ಉಪಾಸಕರು. ಇವೇ ಹಾಡುಗಳು 1984ರಲ್ಲಿ ಹೇಗಿದ್ದವು ಗೊತ್ತೇ ಎಂದು ಆರಂಭಿಸಿದರೆ ನಿಲ್ಲುವುದಿಲ್ಲ. ಗರಗರ ಸದ್ದಿನ ಕ್ಯಾಸೆಟ್ಟೇ ಅವರಿಗೆ ನಿಜವಾದ ಆಲ್ಬಮ್. ಇವರಲ್ಲಿ ಕೈಚಳಕವಿದ್ದ ಕೆಲವರು ಹಾಡುಗಳನ್ನು ತಾವೇ ಮರುಮಿಶ್ರಣ ಮಾಡಿ ರಿಪೇರಿಗೂ ಇಳಿದಿದ್ದುಂಟು. ಕೊನೆಯದಾಗಿ, ಆಲ್ಬಮ್ ಇಡಿಯಾಗಿ ಚೆನ್ನಾಗಿದೆ ಎನ್ನುವವರು. ಸಂಖ್ಯೆ ಸಣ್ಣದು, ದನಿ ದೊಡ್ಡದು. ಎಲ್ಲರೂ ಬೈದದ್ದನ್ನು ಹೊಗಳಿದರೆ ಸಿಗುವ ಪಂಕ್ ಪುಣ್ಯ ಇವರಿಗೆ ಸಂದಿದೆ.

ಇಂಥ ಜಗಳದಲ್ಲಿ ಬ್ಯಾಂಡು ತನ್ನ ಆಲ್ಬಮ್ಮಿನ ಪರ ನಿಲ್ಲುವುದು ವಾಡಿಕೆ. ಕ್ಲ್ಯಾಶ್ ಸನಾತನಿಗಳ ಕಡೆ ಸೇರಿತು. 1988ರ ಸಂಕಲನದಲ್ಲಿ ಈ ಆಲ್ಬಮ್ಮಿನ ಒಂದು ಹಾಡೂ ಇಲ್ಲ, 1991ರ ಪೆಟ್ಟಿಗೆ ಸಂಪುಟದಲ್ಲೂ ಇಲ್ಲ. 2003ರ ಸಂಕಲನದಲ್ಲಿ ‘ದಿಸ್ ಈಸ್ ಇಂಗ್ಲೆಂಡ್’ಗೆ ಮಾತ್ರ ಕ್ಷಮಾದಾನ ಸಿಕ್ಕಿತು. 2013ರಲ್ಲಿ ಬಂದ ಸಮಗ್ರ ಸಂಪುಟ ‘ಸೌಂಡ್ ಸಿಸ್ಟಮ್’ ಐದು ಆಲ್ಬಮ್ಮಿಗೇ ಸಮಗ್ರವಾಯಿತು. 2003ರಲ್ಲಿ ಬ್ಯಾಂಡಿಗೆ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಗೌರವ ಸಂದಾಗ ಚೈಮ್ಸ್ ಹೆಸರೂ ಇತ್ತು. ಶೆಪರ್ಡ್, ವೈಟ್, ಹೊವರ್ಡ್ ಹೆಸರಿರಲಿಲ್ಲ.

ಬೇರೆ ಬ್ಯಾಂಡುಗಳು ಈ ಪೀಕಲಾಟವನ್ನು ಬೇರೆ ಬೇರೆ ಬಗೆಯಲ್ಲಿ ನಿಭಾಯಿಸಿವೆ. ಎಲ್ಲಕ್ಕಿಂತ ಜಾಣತನ ನ್ಯೂಯಾರ್ಕಿನ ರಾಮೋನ್ಸ್‌ನದು. ಅಲ್ಲಿ ಒಬ್ಬರಿಗೊಬ್ಬರು ರಕ್ತಸಂಬಂಧಿಗಳಲ್ಲದಿದ್ದರೂ ಎಲ್ಲರಿಗೂ ರಾಮೋನ್ ಎಂಬುದೇ ಅಡ್ಡಹೆಸರು. 1978ರಲ್ಲಿ ಡ್ರಮ್ಮರ್ ಟಾಮಿ ಬಿಟ್ಟಾಗ ಬಂದ ಮಾರ್ಕ್ ಬೆಲ್ ಮಾರನೆಯ ದಿನದಿಂದ ಮಾರ್ಕಿ ರಾಮೋನ್. ವಂಶವೃಕ್ಷದಲ್ಲಿ ಹೆಸರು ಕೂಡಿಸಿದ ಮೇಲೆ ಪರಕೀಯ ಎನ್ನುವುದು ಹೇಗೆ? 1987ರಲ್ಲಿ ಬ್ಲಾಂಡಿ ಬ್ಯಾಂಡಿನ ಕ್ಲೆಮ್ ಬರ್ಕ್ ಎರಡೇ ಕಾರ್ಯಕ್ರಮಕ್ಕೆ ಎಲ್ವಿಸ್ ರಾಮೋನ್ ಆಗಿ ಮರಳಿ ಹೋದ. ಕ್ಯಾಲಿಫೋರ್ನಿಯಾದ ಬ್ಲ್ಯಾಕ್ ಫ್ಲ್ಯಾಗ್ ಅಭಿಮಾನಿಯನ್ನೇ ಗಾಯಕನನ್ನಾಗಿ ಮಾಡಿಕೊಂಡಿತು. ವಾಷಿಂಗ್ಟನ್ನಿನ ಐಸ್‌ಕ್ರೀಂ ಅಂಗಡಿಯಲ್ಲಿ ಕೆಲಸಕ್ಕಿದ್ದ ಹೆನ್ರಿ ರಾಲಿನ್ಸ್ ಕಾರ್ಯಕ್ರಮವೊಂದರಲ್ಲಿ ವೇದಿಕೆ ಹತ್ತಿ ಹಾಡಿದ್ದ; 1981ರ ‘ಡ್ಯಾಮೇಜ್ಡ್’ ಹೊತ್ತಿಗೆ ಬ್ಯಾಂಡಿನ ನಾಲ್ಕನೆಯ ಗಾಯಕ. ಆದರೂ ಮೊದಲ ಗಾಯಕ ಕೀತ್ ಮಾರಿಸ್‌ನೇ ಸೈ ಎನ್ನುವವರ ಬಾಯಿ ಇನ್ನೂ ಮುಚ್ಚಿಲ್ಲ.

ಬ್ಲಿಂಕ್-182ರ ಕಥೆಯಲ್ಲಿ ಅಂಕಿಅಂಶಗಳೂ ಸೋತವು. 2015ರಲ್ಲಿ ಟಾಮ್ ಡಿಲಾಂಜ್ ಹೊರನಡೆದ. ಮುಂದೆ ಹಾರುವ ತಟ್ಟೆಗಳ ಸಂಶೋಧನೆಗೆ ಸಂಸ್ಥೆಯನ್ನೇ ಕಟ್ಟಿದ. ಅವನ ಜಾಗಕ್ಕೆ ಆಲ್ಕಲೈನ್ ಟ್ರಿಯೋದ ಮ್ಯಾಟ್ ಸ್ಕಿಬಾ ಬಂದ. 2016ರ ‘ಕ್ಯಾಲಿಫೋರ್ನಿಯಾ’ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿ, ಬ್ಯಾಂಡಿಗೆ ಮೊಟ್ಟಮೊದಲ ಗ್ರ್ಯಾಮಿ ನಾಮನಿರ್ದೇಶನ ತಂದಿತು. ಆಲ್ಬಮ್ ಚೆನ್ನಾಗಿದೆ, ಆದರೆ ಬ್ಲಿಂಕ್ ಅಲ್ಲ ಎಂದು ತೀರ್ಪಾಯಿತು. ಡಿಲಾಂಜ್ ಸ್ವರಗಳನ್ನು ಮೂಗಿನಲ್ಲಿ ಎಳೆದೆಳೆದು ಹಾಡುತ್ತಾನೆಂದು ವರ್ಷಗಟ್ಟಲೆ ಅಣಕಿಸಿದ್ದವರೇ ಆ ಮೂಗಿಗಾಗಿ ಹಂಬಲಿಸತೊಡಗಿದರು. 2022ರಲ್ಲಿ ಮೂಗು ಮರಳಿತು. ಮರಳಿದವನು ಸ್ಕಿಬಾಗೆ ಬಹಿರಂಗವಾಗಿಯೇ ಕೃತಜ್ಞತೆ ಹೇಳಿದ. ಅಭಿಮಾನಿಗಳಲ್ಲಿ ಹಲವರಿಗೆ ಆ ದಾಕ್ಷಿಣ್ಯ ಅಷ್ಟು ಬೇಗ ಬರಲಿಲ್ಲ.

ಇನ್ನು ಮಿಕ್ ಜೋನ್ಸ್ ಸುಮ್ಮನೆ ಕೂತಿರಲಿಲ್ಲ. ಅವನ ಹೊಸ ಬ್ಯಾಂಡ್ ಬಿಗ್ ಆಡಿಯೊ ಡೈನಮೈಟ್‌ನ ಮೊದಲ ಆಲ್ಬಮ್ ಬಂದದ್ದೂ 1985ರ ನವೆಂಬರಿನಲ್ಲೇ. ಮನೆ ಪಾಲಾದ ಮೇಲೆ ಅಣ್ಣ ತಮ್ಮ ಎದುರುಬದುರು ಅಂಗಡಿ ತೆರೆದಂತಾಯಿತು. ಅವನ ಆಲ್ಬಮ್ಮಿನಲ್ಲೂ ಡ್ರಮ್ ಯಂತ್ರವಿತ್ತು. ಅಲ್ಲಿ ಅದನ್ನು ಪ್ರಯೋಗಶೀಲತೆ ಎಂದು ಕೊಂಡಾಡಲಾಯಿತು. ಅಷ್ಟರಲ್ಲಿ ತಪ್ಪಿನ ಅರಿವಾಗಿದ್ದ ಸ್ಟ್ರಮರ್, ಜೋನ್ಸ್‌ನನ್ನು ಹುಡುಕಿಕೊಂಡು ಬಹಾಮಾಸ್ ದ್ವೀಪದವರೆಗೂ ಹೋಗಿ ಕರೆದ. ಜೋನ್ಸ್ ಒಲ್ಲೆನೆಂದ. ಮುಂದಿನ ವರ್ಷ ಸ್ಟ್ರಮರ್‌ನೇ ಬಿಗ್ ಆಡಿಯೊ ಡೈನಮೈಟ್‌ನ ಎರಡನೆಯ ಆಲ್ಬಮ್ ‘ನಂ. 10, ಅಪಿಂಗ್ ಸ್ಟ್ರೀಟ್’ಗೆ ಸಹ-ನಿರ್ಮಾಪಕನಾಗಿ, ಹಲವು ಹಾಡುಗಳನ್ನು ಜೋನ್ಸ್ ಜೊತೆ ಕೂತು ಬರೆದ. ಹೀಗೆ ಸನಾತನಿಗಳು ಬೇಡುತ್ತಿದ್ದ ಸ್ಟ್ರಮರ್–ಜೋನ್ಸ್ ಜೋಡಿಯ ಹಾಡುಗಳು 1986ರಲ್ಲಿ ಅಂಗಡಿಗೆ ಬಂದವು. ಹೊದಿಕೆಯ ಮೇಲೆ ಕ್ಲ್ಯಾಶ್ ಎಂದು ಬರೆದಿರಲಿಲ್ಲವಾದ್ದರಿಂದ ಅದನ್ನೂ ಅವರು ಕ್ಲ್ಯಾಶ್ ಲೆಕ್ಕಕ್ಕೆ ಹಿಡಿಯಲಿಲ್ಲ.