ಫೆರೆಟ್ಟಿಗೆ ಶ್ರಾವಣ ಇಲ್ಲ

ಪುಣೆ ಜಿಲ್ಲೆಯ ಕುರಕುಂಭದ ಎಂಐಡಿಸಿ ಕೈಗಾರಿಕಾ ಪ್ರದೇಶಕ್ಕೆ ನೌಕರಿಗೆಂದು ಬಂದ ನಮ್ಮ ಕಲಬುರಗಿ ಕಡೆಯ ಮನೆಗಳಲ್ಲಿ, ಕೆಮಿಕಲ್ಲಿನ ವಾಸನೆ ಎಷ್ಟೇ ಇರಲಿ, ರೊಟ್ಟಿ ಬಡಿಯುವ ಸಪ್ಪಳ ನಿಂತಿಲ್ಲ. ಅಂಥದೊಂದು ಅಪ್ಪಟ ಶಾಕಾಹಾರಿ ಮನೆಗೆ ಮಗರಾಯ ಪುಣೆಯಿಂದ ಫೆರೆಟ್ ತಂದ.

"ಅಯ್ಯ, ಮುಂಗುಸಿ ಸಾಕಿದ್ರ ಪೊಲೀಸ್ರು ಹಿಡೀತಾರಲ್ಲೋ!" ಎಂದರು ಅಜ್ಜಿ. ಕಾನೂನು ಸರಿಯೇ, 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಮುಂಗುಸಿಗಿದೆ. ಗುರುತು ಮಾತ್ರ ತಪ್ಪಿತ್ತು. ಇದು ಯುರೋಪಿನವರು ಮೊಲದ ಬೇಟೆಗೆ ಪಳಗಿಸಿಕೊಂಡ ಬೇರೆಯೇ ಜಾತಿ.

ಆಮೇಲೆ ಉಪಚಾರ ಶುರು: ಮೊಸರನ್ನ, ಬಾಳೆಹಣ್ಣು, ಒಣದ್ರಾಕ್ಷಿ, ಮೇಲೊಂದು ಚೂರು ಶೇಂಗಾ ಹೋಳಿಗೆ! ಪಾಪ, ಅದರ ಕರುಳೇ ಗಿಡ್ಡ. ತಿಂದದ್ದು ಮೂರ್ನಾಲ್ಕು ತಾಸಿನಲ್ಲಿ ಹೊರಗೆ. ನಾರು, ಪಿಷ್ಟ ಅರಗಿಸುವ ಏರ್ಪಾಡು ಇಲ್ಲವೆಂದರೂ ನಡೆದೀತು. ಅದಕ್ಕೆ ಬೇಕಾದದ್ದು ಮಾಂಸ. ಒಣ ಆಹಾರವಾದರೆ ಶೇ. 35ಕ್ಕೆ ಕಡಿಮೆಯಿಲ್ಲದ ಪ್ರೋಟೀನು, ಶೇ. 20ರ ಆಸುಪಾಸು ಕೊಬ್ಬು. ಮೇದೋಜೀರಕದ ಇನ್ಸುಲಿನ್ ಗಡ್ಡೆ ಫೆರೆಟ್ಟುಗಳಲ್ಲಿ ಸಾಮಾನ್ಯ. ಪಶುವೈದ್ಯರ ಗುಮಾನಿ ಇರುವುದು ಸಿಹಿ ಮತ್ತು ಪಿಷ್ಟದ ಮೇಲೆ. ನಾಯಿಯ ಆಹಾರ ಸಾಲದು. ಫೆರೆಟ್ಟಿನದೇ ಸಿಗದಿದ್ದರೆ, ಮಾಂಸ ಹೆಚ್ಚಿರುವ ಬೆಕ್ಕಿನ ಮರಿಯ ಆಹಾರ ವಾಸಿ.

"ತತ್ತಿನೂ ಹೊಸ್ತಿಲು ದಾಟಂಗಿಲ್ಲ" ಎಂದು ಅಪ್ಪನ ಫರ್ಮಾನು. ಕಡೆಗೆ ಬಾಲ್ಕನಿಯಲ್ಲಿ ಪ್ರತ್ಯೇಕ ತಟ್ಟೆ, ಪ್ರತ್ಯೇಕ ಚಮಚೆ, ಕೋಳಿಯ ಚೂರು. ಅಜ್ಜಿ ಒಪ್ಪಿದರು, ಆದರೆ ಒಂದು ಷರತ್ತಿನ ಮೇಲೆ:

"ಶ್ರಾವಣ ಸೋಮಾರ ಒಂದಿನಾರ ಬಿಡ್ತೈತೇನ್ ಕೇಳಪಾ ಅದಕ್ಕ."